ಟರ್ಕಿ ಹಗುರವೇ, ಭಾರವೆಲ್ಲ ಸುತ್ತಲಿನ ಬಟ್ಟಲುಗಳದ್ದು

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಈ ಸಲದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ನಮ್ಮ ಮನೆಯಲ್ಲಿ, ಒಟ್ಟು ಹತ್ತು ಜನ. ಮಂಡ್ಯದಿಂದ ಅತ್ತೆ, ಮಾವ ಬಂದಿದ್ದಾರೆ. ಮಾವನವರಿಗೆ ಶುಗರ್ ಇದೆ, ಬೆಳಿಗ್ಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಅತ್ತೆಗೆ ಬಿಪಿ. ಬರುವವರಲ್ಲಿ ಇಬ್ಬರು ಸಸ್ಯಾಹಾರಿಗಳು. ಮಕ್ಕಳು ಇಡೀ ಟರ್ಕಿ ಹಕ್ಕಿಯೇ ಆಗಬೇಕು ಅಂತ ಹಟ ಹಿಡಿದಿದ್ದಾರೆ. ಕಳೆದ ವರ್ಷ ಸ್ನೇಹಿತರ ಮನೆಯಲ್ಲಿ ಇದೇ ಊಟ ಮಾಡಿ ಮರುದಿನವೂ ಹೊಟ್ಟೆ ಭಾರ ಇಳಿದಿರಲಿಲ್ಲ. ಬೆಣ್ಣೆ, ಕ್ರೀಮು ಕಡಿಮೆ ಮಾಡಿಯೂ ರುಚಿ ಉಳಿಸಿಕೊಳ್ಳುವುದು ಹೇಗೆ? ಟರ್ಕಿ ಬಿಟ್ಟು ಕೋಳಿ ಮಾಡಿದರೆ ವಾಸಿಯೇ?

ಉತ್ತರ: ಕೋಳಿಗೆ ಬದಲಾಯಿಸುವುದು ಬೇಡ. ಮಕ್ಕಳ ಹಟವೇ ಸರಿ. ಚರ್ಮ ತೆಗೆದ, ಓವನ್‌ನಲ್ಲಿ ಬೆಂದ ಟರ್ಕಿಯ ಎದೆ ಮಾಂಸ 100 ಗ್ರಾಂ ತೆಗೆದುಕೊಂಡರೆ ಅದರಲ್ಲಿ ಸುಮಾರು 30 ಗ್ರಾಂ ಪ್ರೋಟೀನ್ ಇರುತ್ತದೆ, ಕೊಬ್ಬು 2 ಗ್ರಾಂ ಆಸುಪಾಸು, ಕ್ಯಾಲೊರಿ 150 ದಾಟುವುದಿಲ್ಲ. ತೊಡೆಯ ಮಾಂಸದಲ್ಲಿ ಕೊಬ್ಬು ತುಸು ಜಾಸ್ತಿ, ಆದರೂ ಚರ್ಮ ತೆಗೆದರೆ 6 ಗ್ರಾಂ ಸುತ್ತಮುತ್ತವೇ. ಕೋಳಿಗಿಂತ ಇದು ಯಾವ ರೀತಿಯಲ್ಲೂ ಭಾರವಲ್ಲ. ಟರ್ಕಿ ತಿಂದರೆ ನಿದ್ದೆ ಬರುತ್ತದೆ, ಅದರಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ ಇದೆ ಎಂದು ಊಟದ ಮೇಜಿನಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಕೋಳಿಯಲ್ಲೂ ಅದು ಹೆಚ್ಚುಕಡಿಮೆ ಅಷ್ಟೇ ಇದೆ. ನಿದ್ದೆ ಬರಿಸುವುದು ಮೂರು ತಟ್ಟೆಯಷ್ಟನ್ನು ಒಂದೇ ಸಲಕ್ಕೆ ಉಂಡಿದ್ದು, ಜೊತೆಗೆ ಕುಡಿದ ವೈನು.

ಹಾಗಾದರೆ ಭಾರ ಬಂದಿದ್ದೆಲ್ಲಿಂದ? ಬೆಣ್ಣೆಯ ಲೆಕ್ಕ ಹಾಕಿ ನೋಡಿ. ಅಲ್ಲಿ ಬೆಣ್ಣೆ ಕಡ್ಡಿ ರೂಪದಲ್ಲಿ ಬರುತ್ತದಲ್ಲ, ಒಂದು ಕಡ್ಡಿ ಅಂದರೆ 113 ಗ್ರಾಂ, 800 ಕ್ಯಾಲೊರಿ. ಟರ್ಕಿಗೆ ಸವರಲು ಒಂದು, ಬ್ರೆಡ್ಡಿನ ತುಂಡುಗಳಿಂದ ಮಾಡುವ ಸ್ಟಫಿಂಗ್‌ಗೆ ಒಂದು, ಮ್ಯಾಶ್ಡ್ ಪೊಟೇಟೊಗೆ ಒಂದು, ಪೈ ಹಿಟ್ಟಿಗೆ ಒಂದು. ನಾಲ್ಕು ಕಡ್ಡಿ ಹತ್ತು ಜನರಿಗೆ ಹಂಚಿದರೆ ತಲೆಗೆ 320 ಕ್ಯಾಲೊರಿ ಬರೀ ಬೆಣ್ಣೆಯದ್ದೇ ಆಯಿತು. ಕ್ರೀಮು, ಮಾರ್ಷ್‌ಮೆಲ್ಲೊ, ಬ್ರೌನ್ ಶುಗರ್ ಇನ್ನೂ ಈ ಲೆಕ್ಕಕ್ಕೆ ಬಂದಿಲ್ಲ.

ನಮ್ಮವರ ಮನೆಗಳಲ್ಲಿ ಇದರ ಮೇಲೆ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಅಮೆರಿಕನ್ ಊಟದ ಒಂದು ಸಾಲು ಪೂರ್ತಿ ಇಟ್ಟು, "ಹಿರಿಯರಿಗೆ ಅನ್ನ ಇಲ್ಲದಿದ್ದರೆ ಹೇಗೆ" ಎಂದು ಪಕ್ಕದಲ್ಲಿ ಬಿಸಿಬೇಳೆ ಬಾತೋ ಪುಳಿಯೋಗರೆಯೋ ಇಡುತ್ತಾರೆ. ಆಗ ಒಂದೇ ತಟ್ಟೆಯಲ್ಲಿ ಆಲೂಗಡ್ಡೆ, ಬ್ರೆಡ್ಡಿನ ಸ್ಟಫಿಂಗ್, ಬನ್ನು, ಗೆಣಸು, ಅನ್ನ ಎಲ್ಲವೂ ಬೀಳುತ್ತವೆ. ಐದಕ್ಕೆ ಐದೂ ಪಿಷ್ಟ. ಮಾವನವರ ಶುಗರ್ ಮೀಟರ್ ಮೇಲೇರುವುದು ಇದರಿಂದ. ನನ್ನನ್ನು ಕೇಳಿದರೆ ರೆಸಿಪಿ ತಿದ್ದುವ ಮೊದಲು ಪಟ್ಟಿ ತಿದ್ದಿ: ಪಿಷ್ಟದ್ದು ಎರಡೇ ಬಟ್ಟಲು ಇರಲಿ. ಮಕ್ಕಳಿಗಾಗಿ ಆಲೂಗಡ್ಡೆ, ಎಲ್ಲರಿಗಾಗಿ ಸ್ಟಫಿಂಗ್ ಅಥವಾ ಗೆಣಸು. ಅನ್ನದ ಐಟಂ ಬೇಕೇಬೇಕು ಎಂದಾದರೆ ಸ್ಟಫಿಂಗ್ ಬಿಟ್ಟುಬಿಡಿ. ಬನ್ನಿನ ಬುಟ್ಟಿ ಇಡದಿದ್ದರೆ ಯಾರೂ ಕೇಳುವುದಿಲ್ಲ.

ಈಗ ಟರ್ಕಿ ಕೊಳ್ಳುವ ವಿಚಾರ. ಹತ್ತು ಜನರಿಗೆ 12 ಪೌಂಡಿನದು ಸಾಕು. ತಲೆಗೆ ಒಂದು ಪೌಂಡಿನ ಮೇಲೆ ಸ್ವಲ್ಪ, ಮೂಳೆ ಸೇರಿ. ಅತ್ತೆಯವರ ಬಿಪಿ ದೃಷ್ಟಿಯಿಂದ ಬೆಲೆಗಿಂತ ಮುಖ್ಯವಾಗಿ ನೋಡಬೇಕಾದ್ದು ಪ್ಯಾಕೆಟ್ಟಿನ ಮೇಲಿನ ಸಣ್ಣಕ್ಷರ. ಅಗ್ಗದ ಫ್ರೋಜನ್ ಟರ್ಕಿಗಳಲ್ಲಿ ಹಲವಕ್ಕೆ ಮೊದಲೇ ಉಪ್ಪುನೀರು ಚುಚ್ಚಿರುತ್ತಾರೆ. ಇಷ್ಟು ಶೇಕಡಾ ದ್ರಾವಣ ಸೇರಿಸಲಾಗಿದೆ ಎಂದು ಅಲ್ಲೇ ಬರೆದಿರುತ್ತದೆ, ಕೆಲವದರ ಮೇಲೆ ಸೆಲ್ಫ್ ಬೇಸ್ಟಿಂಗ್ ಎಂದಿರುತ್ತದೆ. ನ್ಯೂಟ್ರಿಷನ್ ಲೇಬಲ್‌ನಲ್ಲಿ 4 ಔನ್ಸಿಗೆ ಸೋಡಿಯಂ ಎಷ್ಟಿದೆ ನೋಡಿ. 70-80 ಮಿಲಿಗ್ರಾಂ ಇದ್ದರೆ ಅದು ಬರೀ ಮಾಂಸದ್ದು. 200 ದಾಟಿದ್ದರೆ ಉಪ್ಪು ಹೊಕ್ಕಿದೆ ಎಂದರ್ಥ. ಯಹೂದಿ ಪದ್ಧತಿಯಂತೆ ಸಿದ್ಧಪಡಿಸಿದ ಕೋಶರ್ ಟರ್ಕಿಗೂ ಉಪ್ಪು ಹಚ್ಚಿರುತ್ತಾರೆ. ಉಪ್ಪು ಸೇರಿಸದ್ದು ಸಿಕ್ಕರೆ ಎರಡು ಡಾಲರ್ ಜಾಸ್ತಿ ಆದರೂ ಅದನ್ನೇ ತನ್ನಿ. ಸಿಗದಿದ್ದರೆ ಇರುವುದನ್ನೇ ತಂದು, ಮನೆಯಲ್ಲಿ ಒಂದು ಚಿಟಿಕೆಯೂ ಉಪ್ಪು ಹಾಕಬೇಡಿ.

ಥ್ಯಾಂಕ್ಸ್‌ಗಿವಿಂಗ್ ನವೆಂಬರ್‌ನ ನಾಲ್ಕನೇ ಗುರುವಾರ. ಫ್ರೋಜನ್ ಹಕ್ಕಿಯನ್ನು ಅದೇ ವಾರದ ಭಾನುವಾರ ಬೆಳಿಗ್ಗೆ ಫ್ರೀಜರ್‌ನಿಂದ ತೆಗೆದು, ಕೆಳಗೆ ಒಂದು ಟ್ರೇ ಇಟ್ಟು, ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿಡಿ. ನಾಲ್ಕರಿಂದ ಐದು ಪೌಂಡಿಗೆ ಒಂದು ದಿನದಂತೆ 12 ಪೌಂಡಿಗೆ ಮೂರು ದಿನ ಬೇಕು. ಮರೆತುಹೋಯಿತೇ? ಪ್ಯಾಕೆಟ್ ಸಮೇತ ತಣ್ಣೀರಿನಲ್ಲಿ ಮುಳುಗಿಸಿ, ಪ್ರತಿ ಅರ್ಧ ಗಂಟೆಗೆ ನೀರು ಬದಲಾಯಿಸುತ್ತಾ ಹೋಗಿ. ಪೌಂಡಿಗೆ ಅರ್ಧ ಗಂಟೆ, ಅಂದರೆ ಆರು ಗಂಟೆ ಕೆಲಸ. ಅಡುಗೆಕಟ್ಟೆಯ ಮೇಲೆ ರಾತ್ರಿಯಿಡೀ ಬಿಡುವುದಂತೂ ಬೇಡವೇ ಬೇಡ. ಒಳಗೆ ಇನ್ನೂ ಕಲ್ಲಿನಂತಿರುವಾಗಲೇ ಹೊರಗಿನ ಮಾಂಸ ಕೆಡಲು ಶುರುವಾಗಿರುತ್ತದೆ.

ಇನ್ನೊಂದು ವಿಷಯಕ್ಕೆ ಅತ್ತೆಯವರ ಜೊತೆ ಸಣ್ಣ ಮಾತುಕತೆ ಬೇಕಾಗಬಹುದು. ನಮ್ಮ ಕಡೆ ಮಾಂಸ ತಂದ ಕೂಡಲೇ ಅರಿಶಿನ, ಉಪ್ಪು ಹಾಕಿ ನಾಲ್ಕು ನೀರಿನಲ್ಲಿ ತೊಳೆಯದಿದ್ದರೆ ಸಮಾಧಾನವಿಲ್ಲ. ಟರ್ಕಿಯನ್ನು ತೊಳೆಯಬೇಡಿ ಎಂಬುದು ಅಮೆರಿಕದ ಕೃಷಿ ಇಲಾಖೆಯ ಸ್ಪಷ್ಟ ಸಲಹೆ. ಅಷ್ಟು ದೊಡ್ಡ ಹಕ್ಕಿಯನ್ನು ಸಿಂಕಿನ ನಲ್ಲಿ ಕೆಳಗೆ ಹಿಡಿದರೆ ನೀರು ಸಿಡಿದು ಸಾಲ್ಮೊನೆಲ್ಲಾದಂಥ ಸೂಕ್ಷ್ಮಾಣುಗಳು ಪಕ್ಕದಲ್ಲಿ ಹೆಚ್ಚಿಟ್ಟ ಸೌತೆಕಾಯಿಯ ತನಕ ಹೋಗುತ್ತವೆ. ಓವನ್ನಿನ ಬಿಸಿಗೆ ಅವು ಹೇಗೂ ಸಾಯುತ್ತವೆ. ಪೇಪರ್ ಟವೆಲ್‌ನಲ್ಲಿ ಒಳಗೂ ಹೊರಗೂ ಒತ್ತಿ ಒರೆಸಿ ಬಿಸಾಡಿ, ಕೈ ಸೋಪಿನಲ್ಲಿ ತೊಳೆದುಕೊಳ್ಳಿ. ಅತ್ತೆ ಒಪ್ಪದಿದ್ದರೆ ಆ ಹೊತ್ತಿಗೆ ಅವರಿಗೆ ಹುರುಳಿಕಾಯಿ ಸೋಸಲು ಕೊಡಿ.

ಬೆಣ್ಣೆ ಇಲ್ಲದೆ ಟರ್ಕಿ ಒಣಗುವುದಿಲ್ಲವೇ ಎಂಬುದೇ ಎಲ್ಲರ ಭಯ. ಒಣಗಿಸುವುದು ಅತಿಯಾಗಿ ಬೇಯಿಸುವುದು, ಬೆಣ್ಣೆಯ ಕೊರತೆಯಲ್ಲ. ಚರ್ಮದ ಕೆಳಗೆ ತುರುಕಿದ ಬೆಣ್ಣೆಯ ಬಹುಭಾಗ ಕರಗಿ ಓವನ್ನಿನ ಟ್ರೇಗೆ ಇಳಿಯುತ್ತದೆ, ಅಲ್ಲಿಂದ ಗ್ರೇವಿಯ ವೇಷದಲ್ಲಿ ಮತ್ತೆ ನಿಮ್ಮ ತಟ್ಟೆಗೇ ಬರುತ್ತದೆ. ಮಾಂಸದಲ್ಲಿ ತೇವ ಹಿಡಿದಿಡುವುದು ಉಪ್ಪು, ಅದೂ ಒಂದು ದಿನ ಮುಂಚೆ ಹಚ್ಚಿದ್ದು. ಉಪ್ಪು ಚುಚ್ಚದ 12 ಪೌಂಡಿನ ಟರ್ಕಿಗೆ ಬುಧವಾರ ಬೆಳಿಗ್ಗೆ ಮೂರು ಟೀ ಚಮಚ ಸಾಧಾರಣ ಪುಡಿ ಉಪ್ಪನ್ನು, ಚರ್ಮದ ಕೆಳಗೆ ಬೆರಳು ತೂರಿಸಿ, ಮಾಂಸಕ್ಕೇ ತಾಗುವ ಹಾಗೆ ಸವರಿ. ಇದು ಜಾಸ್ತಿ ಎನಿಸಬಹುದು. ಒಂದು ಟೀ ಚಮಚ ಉಪ್ಪಿನಲ್ಲಿ 2300 ಮಿಲಿಗ್ರಾಂ ಸೋಡಿಯಂ, ಮೂರಕ್ಕೆ ಸುಮಾರು 7000. ಹಕ್ಕಿಯ ತೂಕದಲ್ಲಿ ಅರ್ಧದಷ್ಟು ಬೆಂದ ಮಾಂಸ ಸಿಗುತ್ತದೆ ಅಂದುಕೊಂಡರೆ, ಮಾಂಸದ ಸಹಜ ಸೋಡಿಯಂ ಸೇರಿಸಿಯೂ 100 ಗ್ರಾಮಿಗೆ 400 ಮಿಲಿಗ್ರಾಂ ಒಳಗೇ ಇರುತ್ತದೆ. ದಿನಕ್ಕೆ 2000ದ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅತ್ತೆ ಒಂದು ಅಂಗೈಯಗಲ ಮಾಂಸ ತಿಂದರೆ ತೊಂದರೆಯಿಲ್ಲ, ಉಪ್ಪನ್ನು ಬೇರೆ ಕಡೆ ಬಿಗಿ ಹಿಡಿದರಾಯಿತು. ಉಪ್ಪುನೀರಿನ ಬಕೆಟ್ಟಿನಲ್ಲಿ ಹಕ್ಕಿ ಮುಳುಗಿಸಿಡುವ ಪದ್ಧತಿ ನಿಮಗೆ ಬೇಡ. ಅದರಲ್ಲಿ ಎಷ್ಟು ಉಪ್ಪು ಒಳಗೆ ಹೋಯಿತೆಂಬ ಲೆಕ್ಕ ಸಿಗುವುದಿಲ್ಲ, ಗ್ರೇವಿಯೂ ಉಪ್ಪಾಗುತ್ತದೆ.

ಬುಧವಾರ ರಾತ್ರಿ ಮಸಾಲೆ. ಅರ್ಧ ಕಪ್ ಗಟ್ಟಿ ಮೊಸರು, ಶುಂಠಿ, ಎಂಟು ಹತ್ತು ಎಸಳು ಬೆಳ್ಳುಳ್ಳಿ, ಆಗಷ್ಟೇ ಕುಟ್ಟಿದ ಕರಿಮೆಣಸು ಎರಡು ಚಮಚ, ಹುರಿದು ಪುಡಿ ಮಾಡಿದ ಧನಿಯಾ, ಒಂದು ನಿಂಬೆಯ ಸಿಪ್ಪೆಯ ತುರಿ. ಇದಿಷ್ಟೂ ಚರ್ಮದ ಕೆಳಗೆ ಹೋಗಲಿ. ಚರ್ಮದ ಮೇಲೆ ಮೊಸರು ಬೇಡ, ಅದು ಗರಿಗರಿಯಾಗಲು ಬಿಡುವುದಿಲ್ಲ. ಮೇಲೆ ಒಂದು ದೊಡ್ಡ ಚಮಚ ಎಣ್ಣೆ ಸವರಿದರೆ ಸಾಕು. ಅಮೆರಿಕನ್ ಪರಿಮಳವೇ ಬೇಕೆಂದರೆ ಮೊಸರಿಗೆ ಸೇಜ್, ಥೈಮ್ ಸೊಪ್ಪು ಹೆಚ್ಚಿ ಹಾಕಿ. ಹಾಗೆಯೇ ಮುಚ್ಚದೆ ಫ್ರಿಜ್ಜಿನಲ್ಲಿಡಿ, ಚರ್ಮ ಒಣಗಿದಷ್ಟೂ ಒಳ್ಳೆಯದು.

ಬೇಯಿಸಲು ನನ್ನ ಆಯ್ಕೆ, ಹಕ್ಕಿಯ ಬೆನ್ನೆಲುಬನ್ನು ಗಟ್ಟಿ ಕತ್ತರಿಯಿಂದ ಕತ್ತರಿಸಿ ತೆಗೆದು, ಎದೆಯ ಮೇಲೆ ಅಂಗೈ ಊರಿ ಚಪ್ಪಟೆ ಮಾಡುವುದು. ಲಟಕ್ಕೆಂದು ಸದ್ದಾದರೆ ಕೂತಿತು ಎಂದರ್ಥ. 425 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಒಂದೂಕಾಲರಿಂದ ಒಂದೂವರೆ ಗಂಟೆಯಲ್ಲಿ 12 ಪೌಂಡಿನದು ಬೆಂದುಬಿಡುತ್ತದೆ, ತೊಡೆಯೂ ಎದೆಯೂ ಹೆಚ್ಚುಕಡಿಮೆ ಒಟ್ಟಿಗೇ. ಕತ್ತರಿಸುವ ಕೆಲಸ ಬುಧವಾರವೇ ಆಗಲಿ, ಆ ಬೆನ್ನೆಲುಬು ಗ್ರೇವಿಯ ಸ್ಟಾಕಿಗೆ, ಅಂದರೆ ಮೂಳೆ ಕುದಿಸಿ ಸೋಸಿದ ರಸಕ್ಕೆ, ಬರುತ್ತದೆ. ಮಕ್ಕಳಿಗೆ ಚಿತ್ರದಲ್ಲಿರುವಂತೆ ಇಡೀ ಹಕ್ಕಿಯೇ ಮೇಜಿಗೆ ಬರಬೇಕೆಂದರೆ 325 ಡಿಗ್ರಿಯಲ್ಲಿ ಸುಮಾರು ಮೂರು ಗಂಟೆ. ಎದೆ ಬೇಗ ಕೆಂಪಾಗುತ್ತಿದ್ದರೆ ಅದರ ಮೇಲೊಂದು ಅಲ್ಯೂಮಿನಿಯಂ ಫಾಯಿಲ್ ಹೊದಿಸಿ.

ಸಮಯ ನೋಡಿ ಇಳಿಸಬೇಡಿ, ಥರ್ಮಾಮೀಟರ್ ನೋಡಿ ಇಳಿಸಿ. ಹದಿನೈದು ಡಾಲರಿನ ಡಿಜಿಟಲ್ ಥರ್ಮಾಮೀಟರ್ ಒಂದಿದ್ದರೆ ಬೆಣ್ಣೆಯ ಎರಡು ಕಡ್ಡಿ ಉಳಿಯಿತು ಅಂತಲೇ ತಿಳಿಯಿರಿ. ಎದೆಯ ಅತಿ ದಪ್ಪನೆಯ ಜಾಗಕ್ಕೆ ಮತ್ತು ತೊಡೆಯ ಒಳಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಬೇಕು. 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್, ಎರಡೂ ಕಡೆ ತೋರಿಸಿದ ಮೇಲೆ ಮತ್ತೆ ಐದು ನಿಮಿಷ ಕೂಡ ಇಡಬೇಡಿ. ನಾಟಿ ಕೋಳಿ ಬೇಯಿಸಿ ರೂಢಿಯಿರುವವರಿಗೆ ಮಾಂಸ ಮೂಳೆ ಬಿಡುವ ತನಕ ಬೇಯಬೇಕು ಎನಿಸುತ್ತದೆ. ಸಾರಿನಲ್ಲಿ ಅದು ನಡೆಯುತ್ತದೆ, ಒಣ ಓವನ್ನಿನಲ್ಲಿ ಅದು ನಾರಾಗುತ್ತದೆ. ಕೆಲವು ಹಕ್ಕಿಗಳಲ್ಲಿ ಬೆಂದಾಗ ಮೇಲೇಳುವ ಪ್ಲಾಸ್ಟಿಕ್ ಗುಬುಟು ಚುಚ್ಚಿಟ್ಟಿರುತ್ತಾರೆ, ಅದೊಂದನ್ನೇ ನಂಬಿ ಕೂರಬೇಡಿ. ಇಳಿಸಿ ಅರ್ಧ ಗಂಟೆ ಹಾಗೇ ಬಿಟ್ಟು ಆಮೇಲೆ ಕತ್ತರಿಸಿ.

ಚರ್ಮವನ್ನು ಬೇಯಿಸುವ ಮೊದಲು ತೆಗೆಯಬೇಡಿ. ಬೇಯುವಾಗ ಅದೇ ಮಾಂಸಕ್ಕೆ ಹೊದಿಕೆ, ಅದರ ಕೊಬ್ಬು ಒಳಗೆ ಇಳಿಯುವುದು ಬಹಳ ಕಡಿಮೆ. ಬೆಂದ ಮೇಲೆ ತಟ್ಟೆಯಲ್ಲಿ ತೆಗೆದಿಟ್ಟರೆ ಸಾಕು. ಒಂದು ಪುಟ್ಟ ತುಂಡು ಬಿಸಿಯಾಗಿರುವಾಗಲೇ ಬಾಯಿಗೆ ಹಾಕಿಕೊಂಡರೆ ಮಾವನವರಿಗೂ ಏನೂ ಆಗುವುದಿಲ್ಲ. ಹಬ್ಬದ ದಿನ ಅದನ್ನೂ ಕಿತ್ತುಕೊಂಡರೆ ಅವರು ಅಡುಗೆಮನೆಯಲ್ಲಿ ಕದ್ದು ತಿನ್ನುತ್ತಾರೆ, ಅಷ್ಟೆ.

ಗ್ರೇವಿಗೆ ಬರೋಣ. ಈ ಊಟದಲ್ಲಿ ಉಪ್ಪೂ ಕೊಬ್ಬೂ ಒಟ್ಟಿಗೆ ಅಡಗಿರುವ ಜಾಗ ಇದೇ, ಸುಲಭವಾಗಿ ತಿದ್ದಬಹುದಾದದ್ದೂ ಇದೇ. ಹಕ್ಕಿಯ ಕುತ್ತಿಗೆ, ಬೆನ್ನೆಲುಬು, ಒಂದು ಈರುಳ್ಳಿ, ಕ್ಯಾರೆಟ್, ಸೆಲರಿ ಇಷ್ಟನ್ನೂ ಬುಧವಾರವೇ ಸಣ್ಣ ಉರಿಯಲ್ಲಿ ಎರಡು ಗಂಟೆ ಕುದಿಸಿ ಸೋಸಿ, ಉಪ್ಪಿಲ್ಲದ ಸ್ಟಾಕ್ ಮಾಡಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಕೊಬ್ಬು ಮೇಲೆ ಹೆಪ್ಪುಗಟ್ಟಿರುತ್ತದೆ, ಚಮಚದಲ್ಲಿ ಎತ್ತಿ ಬಿಸಾಡಿ. ಇಡೀ ಹಕ್ಕಿ ಬೇಯಿಸುವುದಾದರೆ ಬೆನ್ನೆಲುಬಿನ ಬದಲು ಹೊಟ್ಟೆಯೊಳಗಿಟ್ಟ ಕಾಗದದ ಪೊಟ್ಟಣದ ಗುಂಡಿಗೆ, ಜಠರ ಹಾಕಿ. ಆ ಪೊಟ್ಟಣ ತೆಗೆಯುವುದನ್ನಂತೂ ಮರೆಯಬೇಡಿ.

ಟರ್ಕಿ ಇಳಿಸಿದ ಮೇಲೆ ಟ್ರೇಯಲ್ಲಿ ಉಳಿದ ರಸವನ್ನು ಎತ್ತರದ ಗಾಜಿನ ಲೋಟಕ್ಕೆ ಸುರಿದು ಹತ್ತು ಹದಿನೈದು ನಿಮಿಷ ಬಿಡಿ. ಮೇಲೆ ಬಂಗಾರದ ಬಣ್ಣದ ಎರಡು ಬೆರಳು ಎಣ್ಣೆ, ಕೆಳಗೆ ಕಂದು ರಸ ಬೇರೆಯಾಗುತ್ತವೆ. ಆ ಎರಡು ಬೆರಳೇ ನಿಮಗೆ ಕಳೆದ ವರ್ಷ ಹೊಟ್ಟೆ ಕೆಡಿಸಿದ್ದು. ಅದನ್ನು ತೆಗೆದು, ಕೆಳಗಿನ ರಸವನ್ನು ಮೂರು ಕಪ್ ಸ್ಟಾಕಿಗೆ ಸೇರಿಸಿ ಕುದಿಸಿ. ಟ್ರೇಗೆ ಕಚ್ಚಿದ ಕಂದು ಚೂರುಗಳನ್ನು ಸ್ವಲ್ಪ ಬಿಸಿ ಸ್ಟಾಕ್ ಹಾಕಿ ಕೆರೆದು ಇದಕ್ಕೇ ಹಾಕಿ, ರುಚಿಯೆಲ್ಲ ಅಲ್ಲಿರುತ್ತದೆ. ಮಂದವಾಗಲು ಬೆಣ್ಣೆಯಲ್ಲಿ ಹುರಿದ ಮೈದಾ ಬೇಡ. ಟ್ರೇಯಲ್ಲಿ ಹಕ್ಕಿಯ ಜೊತೆಯೇ ಬೆಂದ ನಾಲ್ಕು ಈರುಳ್ಳಿ, ಒಂದಿಡೀ ಬೆಳ್ಳುಳ್ಳಿ ಗಡ್ಡೆಯನ್ನು ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ ಹಾಕಿದರೆ ಮಂದವೂ ಆಗುತ್ತದೆ, ಸಿಹಿಯೂ ಬರುತ್ತದೆ. ಸಾಲದಿದ್ದರೆ ತಣ್ಣೀರಿನಲ್ಲಿ ಕದಡಿದ ಒಂದು ಚಮಚ ಕಾರ್ನ್‌ಫ್ಲೋರ್. ಕೊನೆಗೆ ರುಚಿ ನೋಡಿ. ಟ್ರೇಯ ರಸದಲ್ಲಿ ಈಗಾಗಲೇ ಉಪ್ಪಿದೆ, ಮತ್ತೆ ಹಾಕುವ ಪ್ರಸಂಗ ಬರುವುದಿಲ್ಲ. ಕಾಳುಮೆಣಸು, ನಾಲ್ಕು ಹನಿ ನಿಂಬೆರಸ ಹಾಕಿದರೆ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಗೊತ್ತಾಗದು.

ಸ್ಟಫಿಂಗನ್ನು ಹಕ್ಕಿಯ ಹೊಟ್ಟೆಯೊಳಗೆ ತುಂಬಬೇಡಿ. ಒಳಗಿನ ಬ್ರೆಡ್ಡು ಇಳಿಯುವ ಕೊಬ್ಬನ್ನೆಲ್ಲ ಹೀರಿಕೊಳ್ಳುತ್ತದೆ, ಅದರ ನಡುಭಾಗ 165 ಡಿಗ್ರಿ ಮುಟ್ಟುವ ಹೊತ್ತಿಗೆ ಎದೆ ಮಾಂಸ ಒಣಗಿ ಹೋಗಿರುತ್ತದೆ. ಬೇರೆ ಟ್ರೇಯಲ್ಲಿ, ತರಕಾರಿ ಸ್ಟಾಕಿನಲ್ಲಿ ಮಾಡಿದರೆ ನಿಮ್ಮ ಇಬ್ಬರು ಸಸ್ಯಾಹಾರಿ ಅತಿಥಿಗಳೂ ತಿನ್ನಬಹುದು. ಪಾರ್ಟಿಗಳಲ್ಲಿ ಸ್ಟಫಿಂಗ್ ಸಸ್ಯಾಹಾರವೆಂದು ತಿಳಿದು ಚಿಕನ್ ಸ್ಟಾಕಿನದ್ದನ್ನು ತಿಂದು ಆಮೇಲೆ ಸಂಕಟಪಡುವವರು ಬಹಳ. ಹಿಂದಿನ ದಿನದ ಗೋಧಿ ಬ್ರೆಡ್ಡಿನ ತುಂಡು ಎಷ್ಟೋ ಅಷ್ಟೇ ಅಳತೆಯ ಅಣಬೆ, ಸೆಲರಿ, ಈರುಳ್ಳಿ, ಒಂದು ಹುಳಿ ಸೇಬು ಹಾಕಿ. ಎರಡು ದೊಡ್ಡ ಚಮಚ ಎಣ್ಣೆ ಸಾಕು. ಪೆಟ್ಟಿಗೆಯಲ್ಲಿ ಬರುವ ಸ್ಟಫಿಂಗ್ ಮಿಕ್ಸ್ ಅತ್ತೆಯವರಿಗೆ ಆಗದು, ಅದರ ತುಂಬ ಉಪ್ಪು.

ಮ್ಯಾಶ್ಡ್ ಪೊಟೇಟೊಗೆ ಅರ್ಧ ಆಲೂಗಡ್ಡೆ, ಅರ್ಧ ಹೂಕೋಸು ಒಟ್ಟಿಗೆ ಬೇಯಿಸಿ, ನೀರು ಪೂರ್ತಿ ಬಸಿದು, ಬೆಚ್ಚಗಿನ ಕಡಿಮೆ ಕೊಬ್ಬಿನ ಹಾಲು, ಎರಡು ಚಮಚ ಗಟ್ಟಿ ಮೊಸರು ಹಾಕಿ ಕೈಯಲ್ಲೇ ಮಸೆಯಿರಿ. ಮಿಕ್ಸಿಗೆ ಹಾಕಿದರೆ ಅಂಟಾಗುತ್ತದೆ. ಬೆಣ್ಣೆ ಹಾಕಲೇಬೇಕೆಂದರೆ ಬಡಿಸುವ ಮೊದಲು ಮೇಲೆ ಒಂದು ಚಮಚ ಇಡಿ. ಕಣ್ಣಿಗೂ ಕಾಣುತ್ತದೆ, ನಾಲಿಗೆಗೂ ಮೊದಲು ಸಿಗುತ್ತದೆ.

ಮಾರ್ಷ್‌ಮೆಲ್ಲೊ ಹೊದಿಸಿ ಓವನ್ನಿನಲ್ಲಿ ಬೇಯಿಸುವ ಗೆಣಸಿನ ಕ್ಯಾಸರೋಲ್ ಎಂಬ ತಿನಿಸು ನನಗೆ ಎಂದೂ ಅರ್ಥವಾಗಿಲ್ಲ. ಮೊದಲೇ ಸಿಹಿಯಿರುವ ಗೆಣಸಿಗೆ ಬ್ರೌನ್ ಶುಗರ್, ಅದರ ಮೇಲೆ ಸಕ್ಕರೆಯ ಉಂಡೆ. ಸಿಪ್ಪೆ ಸಮೇತ ಬೇಯಿಸಿ, ಹೋಳು ಮಾಡಿ, ಸಾಸಿವೆ ಕರಿಬೇವು ಒಗ್ಗರಣೆ ಕೊಟ್ಟು, ಒಂದು ಹಿಡಿ ಕಾಯಿತುರಿ ಉದುರಿಸಿ. ಇಲ್ಲಿ ಮಾವನವರ ಸಲುವಾಗಿ ಒಂದು ಸೂಕ್ಷ್ಮ ಇದೆ: ಓವನ್ನಿನಲ್ಲಿ ಸುಟ್ಟ ಗೆಣಸಿಗಿಂತ ನೀರಿನಲ್ಲಿ ಬೆಂದ ಗೆಣಸು ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸುತ್ತದೆ. ಸುಡುವಾಗ ಅದರ ಪಿಷ್ಟ ಒಡೆದು ಮಾಲ್ಟೋಸ್ ಎಂಬ ಸಕ್ಕರೆಯಾಗುತ್ತದೆ, ಅದಕ್ಕೇ ಸುಟ್ಟದ್ದು ಅಷ್ಟು ಸಿಹಿ.

ಗ್ರೀನ್ ಬೀನ್ ಕ್ಯಾಸರೋಲ್ ಇಲ್ಲದೆ ಅಮೆರಿಕನ್ ಮೇಜು ಇಲ್ಲ. 1955ರಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ಮತ್ತು ಅವರ ಸಂಗಡಿಗರು ರೂಪಿಸಿದ್ದು. ಡಬ್ಬಿಯ ಅಣಬೆ ಸೂಪು ಖರ್ಚಾಗಲಿ ಎಂಬುದೂ ಉದ್ದೇಶ. ಆ ಸೂಪಿನಲ್ಲಿ ಉಪ್ಪು ಧಾರಾಳ, ಮೇಲೆ ಕರಿದ ಈರುಳ್ಳಿ. ನಿಮ್ಮ ಮನೆಯಲ್ಲಿ ಇದರ ಜಾಗಕ್ಕೆ ಹುರುಳಿಕಾಯಿ ಪಲ್ಯ ಇಡಿ. ಬಂದ ಅಮೆರಿಕನ್ ಸ್ನೇಹಿತರು ಅದನ್ನೇ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ. ಜೊತೆಗೆ ಹೆಸರುಬೇಳೆ ಕೋಸಂಬರಿ ದೊಡ್ಡ ಬಟ್ಟಲಲ್ಲಿರಲಿ, ಸಸ್ಯಾಹಾರಿಗಳಿಗೆ ಅದೇ ಪ್ರೋಟೀನ್. ಕೋಸಂಬರಿಗೆ ಉಪ್ಪನ್ನು ಬಡಿಸುವಾಗ ಹಾಕಿದರೆ ಕಡಿಮೆಯಲ್ಲೇ ಸಾಗುತ್ತದೆ, ನೀರೂ ಬಿಡುವುದಿಲ್ಲ.

ಕ್ರ್ಯಾನ್‌ಬೆರ್ರಿ ಸಾಸ್‌ಗೆ 12 ಔನ್ಸಿನ ಚೀಲಕ್ಕೆ ಒಂದು ಕಪ್ ಸಕ್ಕರೆ ಹಾಕಿ ಎಂದು ಚೀಲದ ಮೇಲೇ ಬರೆದಿರುತ್ತದೆ, ಅಂದರೆ 200 ಗ್ರಾಂ. ನಮ್ಮ ಕೈಯಲ್ಲಿ ಆ ಹುಳಿಕಾಯಿ ಗೊಜ್ಜಾಗಬೇಕು. ಎಣ್ಣೆಯಲ್ಲಿ ಸಾಸಿವೆ, ಇಂಗು, ಮೆಂತ್ಯ ಸಿಡಿಸಿ, ಹಣ್ಣು ಹಾಕಿ ಅವು ಪಟಪಟ ಒಡೆಯುವ ತನಕ ಬೇಯಿಸಿ, ಖಾರದ ಪುಡಿ, ಕಿತ್ತಳೆ ರಸ, ನಾಲ್ಕು ಚಮಚ ಬೆಲ್ಲ ಹಾಕಿ. ಬೆಲ್ಲವೂ ಸಕ್ಕರೆಯೇ, ಮಾವನವರು "ಬೆಲ್ಲ ತಾನೇ" ಎಂದು ಎರಡು ಸೌಟು ಹಾಕಿಕೊಳ್ಳದಂತೆ ನೋಡಿಕೊಳ್ಳಿ. ಮನೆಯಲ್ಲಿ ಯಾರಾದರೂ ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕ್ರ್ಯಾನ್‌ಬೆರ್ರಿಯನ್ನು ಹೆಚ್ಚು ತಿನ್ನುವ ಮೊದಲು ವೈದ್ಯರನ್ನು ಕೇಳಲಿ.

ಸಿಹಿಗೆ ಕುಂಬಳಕಾಯಿ ಪೈ, ಹಿಟ್ಟಿನ ತಳವಿಲ್ಲದೆ. ಪುಟ್ಟ ಕಪ್ಪುಗಳಲ್ಲಿ ಬೇಯಿಸಿ. ಬರೀ ಕುಂಬಳದ ತಿರುಳಿನ ಡಬ್ಬಿ ತನ್ನಿ, ಅದರ ಪಕ್ಕದಲ್ಲೇ ಇರುವ ಪೈ ಫಿಲ್ಲಿಂಗ್ ಡಬ್ಬಿಯಲ್ಲಿ ಮೊದಲೇ ಸಕ್ಕರೆ ಬೆರೆಸಿರುತ್ತಾರೆ. 15 ಔನ್ಸಿನ ಡಬ್ಬಿಗೆ ಎರಡು ಮೊಟ್ಟೆ, ಕೊಬ್ಬಿಲ್ಲದ ಇವ್ಯಾಪೊರೇಟೆಡ್ (ನೀರಿಂಗಿಸಿ ಗಟ್ಟಿ ಮಾಡಿದ) ಹಾಲಿನ 12 ಔನ್ಸಿನ ಒಂದು ಡಬ್ಬಿ, ಅರ್ಧ ಕಪ್‌ಗಿಂತ ಕಡಿಮೆ ಸಕ್ಕರೆ, ಶುಂಠಿ, ಚಕ್ಕೆ, ಲವಂಗ, ಜಾಯಿಕಾಯಿ. ಏಲಕ್ಕಿ ಹಾಕಿದರೆ ನಮ್ಮ ನಾಲಿಗೆಗೆ ಇನ್ನೂ ಹತ್ತಿರ. ಯಾರಾದರೂ ಪೆಕಾನ್ ಪೈ ತಂದರೆ ತರಲಿ, ಅದು ಮುಖ್ಯವಾಗಿ ಕಾರ್ನ್ ಸಿರಪ್, ಬೆಣ್ಣೆ. ಬೇಕಾದವರು ಎರಡು ಬೆರಳಗಲ ತಿನ್ನಲಿ. ಇಡೀ ಊಟವನ್ನು ಪಥ್ಯ ಮಾಡಿಬಿಟ್ಟರೆ ಯಾರೂ ಸಂತೋಷದಿಂದ ಏಳುವುದಿಲ್ಲ.

ಇನ್ನು ಮಾವನವರ ಸಮಯ. ಥ್ಯಾಂಕ್ಸ್‌ಗಿವಿಂಗ್ ಊಟ ಮಧ್ಯಾಹ್ನ ಮೂರಕ್ಕೋ ನಾಲ್ಕಕ್ಕೋ. ಹೊಟ್ಟೆ ಖಾಲಿ ಇಟ್ಟುಕೊಳ್ಳೋಣ ಎಂದು ಬೆಳಗಿನ ತಿಂಡಿ ಬಿಡುವುದು ಅಮೆರಿಕದ ರೂಢಿ. ಅವರು ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು ತಿಂಡಿ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಸಕ್ಕರೆ ಕುಸಿದು ಬೆವರು, ನಡುಕ ಬರಬಹುದು. ಮೇಲೆ ಖಾಲಿ ಹೊಟ್ಟೆಗೆ ವೈನು ಬಿದ್ದರೆ ಇನ್ನೂ ಅಪಾಯ. ಬರೀ ಮೆಟ್‌ಫಾರ್ಮಿನ್ ಆದರೆ ಈ ಭಯ ಕಡಿಮೆ. ಇನ್ಸುಲಿನ್ ಇದ್ದರೆ ಆ ದಿನದ ಡೋಸಿನ ಬಗ್ಗೆ ಊರಿನ ವೈದ್ಯರನ್ನೇ ವಾಟ್ಸಾಪಿನಲ್ಲಿ ಮೊದಲೇ ಕೇಳಿಡಿ. ಎಂದಿನ ಹೊತ್ತಿಗೆ ಎಂದಿನ ತಿಂಡಿ, ಒಂದು ಗಂಟೆಗೆ ಒಂದು ಲೋಟ ಮಜ್ಜಿಗೆ ಮತ್ತು ಒಂದು ಹಿಡಿ ಕಡಲೆಬೀಜ ಅಥವಾ ಒಂದು ಹಣ್ಣು ಕೊಡಿ.

ತಟ್ಟೆಯಲ್ಲಿ ಅರ್ಧ ಪಲ್ಯ ಕೋಸಂಬರಿ, ಕಾಲುಭಾಗ ಟರ್ಕಿ, ಉಳಿದ ಕಾಲುಭಾಗಕ್ಕೆ ಆಲೂ, ಗೆಣಸು, ಸ್ಟಫಿಂಗ್ ಯಾವುದಿದ್ದರೂ ಅಷ್ಟೇ. ಅರ್ಧ ಕಪ್ ಆಲೂಗಡ್ಡೆಯಲ್ಲಿ 15 ಗ್ರಾಮಿನಷ್ಟು ಕಾರ್ಬೋಹೈಡ್ರೇಟ್ ಇದ್ದರೆ, ತಳ ಸಮೇತದ ಒಂದು ತುಂಡು ಕುಂಬಳ ಪೈನಲ್ಲಿ 40 ಗ್ರಾಂ. ಪೈ ತಿನ್ನುವ ಮನಸ್ಸಿದ್ದರೆ ಆಲೂ ಬಿಡಲಿ, ಆಯ್ಕೆ ಅವರದೇ. ಊಟವಾದ ಮೇಲೆ ಸೋಫಾಕ್ಕೆ ಹೋಗುವ ಮೊದಲು ಹದಿನೈದು ನಿಮಿಷ ಬೀದಿ ಸುತ್ತಿ ಬಂದರೆ ಸಕ್ಕರೆ ಏರುವುದು ತಗ್ಗುತ್ತದೆ. ನವೆಂಬರ್ ಚಳಿ, ಕಿವಿಗೆ ಮಫ್ಲರ್ ಕಟ್ಟಿ ಕಳಿಸಿ.

ಅತ್ತೆಯವರ ವಿಚಾರದಲ್ಲಿ ಒಂದು ಎಚ್ಚರಿಕೆ. ಅಂಗಡಿಗಳಲ್ಲಿ ಕಡಿಮೆ ಸೋಡಿಯಂ ಉಪ್ಪು ಎಂದು ಸಿಗುತ್ತದೆ, ಅದರಲ್ಲಿ ಪೊಟ್ಯಾಷಿಯಂ ಕ್ಲೋರೈಡ್ ಇರುತ್ತದೆ. ಅವರು ಟೆಲ್ಮಿಸಾರ್ಟನ್, ಲೊಸಾರ್ಟನ್‌ನಂಥ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ, ವೈದ್ಯರನ್ನು ಕೇಳದೆ ಅದನ್ನು ಬಳಸಬೇಡಿ. ರಕ್ತದಲ್ಲಿ ಪೊಟ್ಯಾಷಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಸಾಮಾನ್ಯ ಉಪ್ಪನ್ನೇ ಕಡಿಮೆ ಹಾಕುವುದು ಸುರಕ್ಷಿತ. ಹಪ್ಪಳ, ಉಪ್ಪಿನಕಾಯಿ ಆ ದಿನ ಮೇಜಿನ ಮೇಲೆ ಬೇಡ, ಗೊಜ್ಜು ಇದೆಯಲ್ಲ.

ಉಳಿದದ್ದನ್ನು ಎರಡು ಗಂಟೆಯೊಳಗೆ ಮೂಳೆಯಿಂದ ಬಿಡಿಸಿ, ಅಗಲ ಡಬ್ಬಿಗಳಲ್ಲಿ ಫ್ರಿಜ್ಜಿಗೆ ಸೇರಿಸಿ. ಮೂರು ನಾಲ್ಕು ದಿನ ಇರುತ್ತದೆ, ಮತ್ತೆ ಬಿಸಿ ಮಾಡುವಾಗಲೂ 165 ಡಿಗ್ರಿ. ಅದಕ್ಕಿಂತ ಹೆಚ್ಚು ದಿನ ಬೇಕೆಂದರೆ ಫ್ರೀಜರ್. ಮೂಳೆಗಳನ್ನು ಶುಕ್ರವಾರ ಬೆಳಿಗ್ಗೆ ಅತ್ತೆಯವರ ಕೈಗೆ ಒಪ್ಪಿಸಿ. ಕುದಿಸಿ ಸೋಸಿ, ತಣಿಸಿ, ಮೇಲಿನ ಕೊಬ್ಬು ತೆಗೆದು, ಧನಿಯಾ, ಮೆಣಸು, ಚಕ್ಕೆ, ಲವಂಗ, ಹುರಿದ ಈರುಳ್ಳಿ, ಸ್ವಲ್ಪವೇ ಕಾಯಿ ರುಬ್ಬಿ ಹಾಕಿದರೆ ಒಳ್ಳೆಯ ಮೂಳೆ ಸಾರಾಗುತ್ತದೆ. ತೊಡೆಯ ಮಾಂಸದ ಚೂರುಗಳನ್ನು ಕೊನೆಯಲ್ಲಿ ಹಾಕಿ, ಮೊದಲೇ ಹಾಕಿದರೆ ನಾರಾಗುತ್ತದೆ. ಮುದ್ದೆ ಮಾವನವರಿಗೆ ಮುಷ್ಟಿಯಷ್ಟೇ ಇರಲಿ, ರಾಗಿಯೂ ಪಿಷ್ಟವೇ.